ಊರು ಕೂಡಿ ಕಲಿಸುವ ಶಾಲೆ

ಕೊಳ್ಳೇಗಾಲದಿಂದ ಹನೂರಿಗೆ ಬಂದು, ಅಲ್ಲಿಂದ ಕೌದಳ್ಳಿ, ರಾಮಾಪುರಗಳನ್ನು ಹಿಂದಿಕ್ಕಿ ತಮಿಳುನಾಡಿನ ಗಡಿಯ ಕಡೆಗೆ ಸಾಗುವ ಪ್ರಯಾಣಿಕನಿಗೆ, ಬೆಟ್ಟಗಳ ಸಾಲು ಮೆಲ್ಲಮೆಲ್ಲನೆ ಹತ್ತಿರ ಸರಿಯುತ್ತ, ರಾಗಿ ಮತ್ತು ಮುಸುಕಿನ ಜೋಳದ ಹೊಲಗಳು ಕುರುಚಲು ಕಾಡಿನ ಅಂಚಿನವರೆಗೂ ಚಾಚಿಕೊಂಡಿರುವ ಸೀಮೆಯೊಂದು ಎದುರಾಗುತ್ತದೆ. ಆ ಸೀಮೆಯ ಊರು ಮಾರ್ಟಳ್ಳಿ. ಮನೆಯಂಗಳದಲ್ಲಿ ತಮಿಳು, ಪಾಠಶಾಲೆಯಲ್ಲಿ ಕನ್ನಡ ಎಂಬ ದ್ವಿಭಾಷಾ ಜೀವನವು ಇಲ್ಲಿಯ ಅನೇಕ ಮಕ್ಕಳಿಗೆ ನಿತ್ಯದ ಅನುಭವ. ಇದಕ್ಕೆ ಕಾರಣವು ಚರಿತ್ರೆಯಲ್ಲಿಯೇ ಉಂಟು: 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಅನಂತರ ಮೈಸೂರು ಜಿಲ್ಲೆಗೆ ಸೇರಿ, 1997ರಲ್ಲಿ ನೂತನ ಚಾಮರಾಜನಗರ ಜಿಲ್ಲೆಯ ಅಂಗವಾಯಿತು, ಈಚಿನ ವರ್ಷಗಳಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾಗಿ ರೂಪುಗೊಂಡಿತು. ಆಡಳಿತದ ಗೆರೆಗಳು ಹೀಗೆ ಮೂರು ಬಾರಿ ಸರಿದಿದ್ದರೂ, ತಾಯಂದಿರು ತೊಟ್ಟಿಲು ತೂಗುವ ನುಡಿ ಮಾತ್ರ ಇದ್ದಲ್ಲಿಯೇ ಉಳಿದಿದೆ.

ಇಂಥ ಊರಿನ ಮಗುವೊಂದು ಆರನೆಯ ವಯಸ್ಸಿನಲ್ಲಿ ಪ್ರಾಥಮಿಕ ಶಾಲೆಯ ಹೊಸಿಲು ದಾಟಿದಾಗ ಅದರ ಮುಂದೆ ಮೊದಲಿಗೆ ನಿಲ್ಲುವುದು ಅಪರಿಚಿತವಾದ ಶಬ್ದಗಳ ಗೋಡೆ. ಮನೆಯಲ್ಲಿ 'ಪಾಲ್' ಎಂದು ಕುಡಿದದ್ದು ಇಲ್ಲಿ ಹಾಲಾಗುತ್ತದೆ. ಅಲ್ಲಿ 'ಪೂ' ಎಂದು ಮುಡಿದದ್ದು ಇಲ್ಲಿ ಹೂವಾಗುತ್ತದೆ. ಅಜ್ಜಿ ಹೇಳಿದ ಕಥೆಯ 'ಪುಲಿ' ಪುಸ್ತಕದ ಪುಟದಲ್ಲಿ ಹುಲಿಯಾಗಿ ಘರ್ಜಿಸುತ್ತದೆ. ಉಪಾಧ್ಯಾಯರು ಕೇವಲ ಪುಸ್ತಕವನ್ನು ಓದಿ ಒಪ್ಪಿಸಿದರೆ ಈ ಗೋಡೆ ಕರಗಲು ವರ್ಷಗಳು ಬೇಕು. ಅವರು ಒಂದು ಲೋಟ ಹಾಲನ್ನೇ ಮೇಜಿನ ಮೇಲಿಟ್ಟು, ಕನಕಾಂಬರದ ಒಂದು ಮೊಳವನ್ನೇ ಮಗುವಿನ ಕೈಗೆ ಕೊಟ್ಟು, ಮನೆಯಲ್ಲಿ 'ಪುಳಿ' ಎನಿಸಿದ ಹುಣಸೆಯ ಹುಳಿಯನ್ನು ನಾಲಗೆಯ ತುದಿಗೇ ತಾಗಿಸಿದರೋ, ವಸ್ತುವು ಎರಡು ನುಡಿಗಳ ನಡುವೆ ಸೇತುವೆಯಾಗಿ ನಿಲ್ಲುತ್ತದೆ. ಈ ಸಂದರ್ಭದಲ್ಲಿ ನೆನೆಯತಕ್ಕ ಸಂಗತಿ ಮತ್ತೊಂದಿದೆ: ಪಾಲ್, ಪೂ, ಪುಲಿ, ಪುಳಿ ಎಂಬಿವೆಲ್ಲ ಹಳಗನ್ನಡದ ರೂಪಗಳೂ ಆಗಿವೆ. ಪಂಪನ ಕಾಲದ ಕನ್ನಡಿಗನಾದರೂ ಹಾಲನ್ನು ಪಾಲೆಂದೇ ಕರೆದನು. ತಮಿಳು ಮನೆಯ ಮಗುವು ತಾನರಿಯದೆಯೇ ಕನ್ನಡದ ಪೂರ್ವಸ್ಮೃತಿಯೊಂದನ್ನು ಚೀಲದಲ್ಲಿ ಹೊತ್ತು ಶಾಲೆಗೆ ಬರುತ್ತದೆ. ಅದನ್ನು ತಪ್ಪೆಂದು ತಿದ್ದುವ ಮೊದಲು ಅದು ಸಂಪತ್ತೆಂದು ಗುರುತಿಸುವ ಶಾಲೆಯೇ ಒಳ್ಳೆಯ ಶಾಲೆ.

ಕೈಯಿಂದ ಮುಟ್ಟಿ, ಅಳೆದು, ತೂಗಿ, ಬಿತ್ತಿ, ಹೆಣೆದು ಕಲಿಯುವ ಈ ಕ್ರಮಕ್ಕೆ ಶಿಕ್ಷಣಶಾಸ್ತ್ರಜ್ಞರು ಹಲವು ಹೆಸರುಗಳನ್ನು ಕೊಟ್ಟಿದ್ದಾರೆ. ನಮ್ಮ ಜನರ ಬಾಯಲ್ಲಿ ಅದು 'ನೋಡಿ ತಿಳಿ, ಮಾಡಿ ಕಲಿ' ಎಂಬ ಸರಳವಾದ ಮಾತು. ಆದರೆ ಒಬ್ಬರೋ ಇಬ್ಬರೋ ಉಪಾಧ್ಯಾಯರಿರುವ ಕಾಡಂಚಿನ ಶಾಲೆಯಲ್ಲಿ, ನೇಗಿಲು, ಮಗ್ಗ, ಕುಲುಮೆ, ಜೇನುಗೂಡು, ತಕ್ಕಡಿ ಎಲ್ಲವನ್ನೂ ಆ ಉಪಾಧ್ಯಾಯರೇ ಬಲ್ಲವರಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬಲ್ಲವರು ಊರಿನಲ್ಲಿದ್ದಾರೆ. ಆದುದರಿಂದ ಊರು ಮತ್ತು ಶಾಲೆಗಳ ಸಹಯೋಗವಿಲ್ಲದೆ ಕೈಗಲಿಕೆ ಎಂಬುದು ಪೂರ್ಣಗೊಳ್ಳದು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಈ ವನಸೀಮೆಯು ಅಂಥ ಸಹಯೋಗಕ್ಕೆ ಎಷ್ಟೊಂದು ಸಾಮಗ್ರಿಯನ್ನು ಕೂಡಿಟ್ಟುಕೊಂಡಿದೆ, ಮತ್ತು ಅದರ ಬಳಕೆಯಲ್ಲಿ ಯಾವ ಎಚ್ಚರಿಕೆ ಅಗತ್ಯವಾದುದು ಎಂಬುದನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ, ಇಂದು ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಬಹು ಜನಪ್ರಿಯವಾಗಿರುವ 'ಮಕ್ಕಳ ಸಂತೆ'ಯನ್ನು ನೋಡಬಹುದು. ಗೊತ್ತಾದ ದಿನದಂದು ಶಾಲೆಯ ಅಂಗಳವೇ ಸಂತೆಮಾಳವಾಗುತ್ತದೆ. ಹಿತ್ತಿಲ ಸೊಪ್ಪು, ನುಗ್ಗೆಕಾಯಿ, ಬದನೆ, ಟೊಮೆಟೊ, ಸುಟ್ಟ ಕಡಲೆಕಾಯಿ, ಅಮ್ಮ ಕಡೆದುಕೊಟ್ಟ ಮಜ್ಜಿಗೆ, ಮನೆಯಲ್ಲಿಯೇ ಕಲಸಿದ ಚುರುಮುರಿ ಇವುಗಳನ್ನು ಗೋಣಿತಾಟಿನ ಮೇಲೆ ಹರಡಿಕೊಂಡು ಮಕ್ಕಳು ಸಾಲಾಗಿ ಕುಳಿತುಕೊಳ್ಳುತ್ತಾರೆ. ಕೊಳ್ಳುವವರು ಅವರ ತಂದೆತಾಯಿಗಳು, ನೆರೆಹೊರೆಯವರು, ಪಂಚಾಯಿತಿಯ ಸದಸ್ಯರು. "ಏನ್ ಮೊಗ, ಒಂದ್ ಕಟ್ಟು ಎಷ್ಟು?" ಎಂದು ಮುದುಕಿಯೊಬ್ಬಳು ಬಗ್ಗಿ ಕೇಳಿದರೆ, "ಹತ್ತು ರೂಪಾಯಿ ಕನವ್ವ, ಎರಡು ತಕ್ಕೊಂಡ್ರೆ ಹದಿನೆಂಟು" ಎಂದು ಮೂರನೆಯ ತರಗತಿಯ ಹುಡುಗಿ ಗಂಭೀರವಾಗಿ ಉತ್ತರಿಸುತ್ತಾಳೆ. ಆ ಒಂದು ಉತ್ತರದಲ್ಲಿ ಗುಣಾಕಾರವಿದೆ, ವ್ಯವಕಲನವಿದೆ, ಲಾಭನಷ್ಟಗಳ ವಿವೇಚನೆಯಿದೆ, ಅಪರಿಚಿತರೊಡನೆ ಮುಖವೆತ್ತಿ ಮಾತನಾಡುವ ಧೈರ್ಯವಿದೆ. ಗಣಿತದ ಪುಸ್ತಕದಲ್ಲಿ ವ್ಯಾಪಾರಿಯು ಯಾವಾಗಲೂ ಮತ್ತಾರೋ ಆಗಿರುತ್ತಾನೆ. ಇಲ್ಲಿ ವ್ಯಾಪಾರಿಯೂ ತಾನೇ, ಚಿಲ್ಲರೆ ತಪ್ಪಿದರೆ ನಷ್ಟವೂ ತನ್ನದೇ.

ಆ ಸಂತೆಗೆ ಬಂದ ವೃದ್ಧರ ಮನೆಯ ಅಟ್ಟದಲ್ಲಿ ಇಂದಿಗೂ ಹಳೆಯ ಅಳತೆಯ ಪಾತ್ರೆಗಳು ಇದ್ದರೆ, ಅವುಗಳನ್ನು ಶಾಲೆಗೆ ತರುವಂತೆ ಕೇಳಿಕೊಳ್ಳುವುದು ಮತ್ತೊಂದು ಪಾಠ. ನಾಲ್ಕು ಪಾವು ಸೇರಿದರೆ ಒಂದು ಸೇರು. ನಾಲ್ಕು ಚಟಾಕು ಸೇರಿದರೆ ಒಂದು ಪಾವು. ಕಾಲು, ಹದಿನಾರನೆಯ ಒಂದು ಎಂಬ ಭಿನ್ನರಾಶಿಗಳು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದರೂ ಗಾಳಿಯಲ್ಲಿ ತೇಲುವಂಥವು; ಚಟಾಕಿನಲ್ಲಿ ರಾಗಿಯನ್ನು ಹದಿನಾರು ಸಲ ಅಳೆದು ಸೇರನ್ನು ತುಂಬಿಸಿದ ಮಗುವಿಗೆ ಅವು ಅಂಗೈಯ ತೂಕದಲ್ಲಿಯೇ ತಿಳಿದುಬರುತ್ತವೆ. ಅದೇ ರಾಗಿಯನ್ನು ತಕ್ಕಡಿಯಲ್ಲಿಟ್ಟು ಕಿಲೋಗ್ರಾಮಿಗೆ ತಿರುಗಿಸಿದಾಗ, ಅಜ್ಜನ ಕಾಲದ ಅಳತೆಗೂ ಮೊಮ್ಮಗಳ ಕಾಲದ ಅಳತೆಗೂ ನಂಟು ಕೂಡುತ್ತದೆ.

ಊರು ಶಾಲೆಯೊಳಗೆ ಬರುವುದಕ್ಕೆ ಶಾಸನದ ಬಾಗಿಲುಗಳು ತೆರೆದು ಬಹುಕಾಲವಾಯಿತು. 2001ರಲ್ಲಿ ಕರ್ನಾಟಕ ಸರಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ, ಪೋಷಕರಿಗೆ ಶಾಲೆಯ ಆಡಳಿತದಲ್ಲಿ ಸ್ಥಾನ ಕೊಟ್ಟಿತು. ಜನರ ಬಾಯಲ್ಲಿ ಇದೇ 'ಎಸ್‌ಡಿಎಂಸಿ'. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಆಗಿರಬೇಕೆಂದೂ ಅರ್ಧದಷ್ಟು ಸ್ಥಾನಗಳಲ್ಲಿ ಮಹಿಳೆಯರಿರಬೇಕೆಂದೂ ವಿಧಿಸಿತು. ತರಗತಿಯೊಳಗಾದರೋ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳ ಪ್ರೇರಣೆಯಿಂದ, ಉಪಾಧ್ಯಾಯರೇ ಕೂಡಿ ಆರಂಭಿಸಿದ 'ನಲಿ-ಕಲಿ'ಯು ಕಾಲಕ್ರಮದಲ್ಲಿ ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹಬ್ಬಿ, ಬೆತ್ತ ಮತ್ತು ಬೆಂಚುಗಳ ಸ್ಥಾನದಲ್ಲಿ ಕಲಿಕಾ ಏಣಿಯನ್ನೂ, ತಲೆಯ ಮೇಲೆ ಮಕ್ಕಳ ಕೈಕೆಲಸ ತೂಗುವ ಕಲಿಕಾ ಚಪ್ಪರವನ್ನೂ, ಮಗುವಿನ ಕೈಗೆಟಕುವಷ್ಟು ಕೆಳಗಿಳಿದ ಕಪ್ಪುಹಲಗೆಯನ್ನೂ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವನ್ನು ಬದಿಗಿಟ್ಟು, ಬಡಗಿ, ಕುಂಬಾರ, ತೋಟಗಾರ ಮುಂತಾದವರ ಬಳಿ ಕಲಿಯಬೇಕೆಂದು ಸೂಚಿಸಿದೆ.

ಆದರೂ ಸಹಯೋಗವೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ದಾನ: ಕಾಂಪೌಂಡು ಗೋಡೆ, ಬಿಸಿಯೂಟದ ತಟ್ಟೆ, ಗಡಿಯಾರ, ಬಣ್ಣ ಬಳಿದ ಬಾಗಿಲು, ಮತ್ತು ಆ ಬಾಗಿಲ ಮೇಲೆ ದಾನಿಯ ಹೆಸರು. ಇವೆಲ್ಲವೂ ಬೇಕಾದವುಗಳೇ. ಆದರೆ ಕೊಡಲು ಹಣವಿಲ್ಲದ ಮನೆಯವರು ತಮ್ಮಲ್ಲಿ ಏನೂ ಇಲ್ಲವೆಂದು ಶಾಲೆಯ ಗೇಟಿನ ಹೊರಗೇ ನಿಂತುಬಿಡುವಂತಾದರೆ ಅದು ದೊಡ್ಡ ನಷ್ಟ. ಏಕೆಂದರೆ ಕಲಿಸತಕ್ಕ ವಿದ್ಯೆ ಅನೇಕ ವೇಳೆ ಅವರ ಬಳಿಯೇ ಇರುತ್ತದೆ.

ಕೊಳ್ಳೇಗಾಲದ ರೇಷ್ಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಹುಳು ಸಾಕುವ ಮನೆಯ ತಾಯಿಯೊಬ್ಬಳು ಒಂದು ತಟ್ಟೆಯಷ್ಟು ಹುಳುಗಳನ್ನು ಶಾಲೆಗೆ ತಂದುಕೊಟ್ಟು, ದಿನವೂ ಹಿಪ್ಪುನೇರಳೆಯ ಸೊಪ್ಪು ಹಾಕುವ ಹೊಣೆಯನ್ನು ಮಕ್ಕಳಿಗೆ ವಹಿಸಿದರೆ, ಒಂದು ತಿಂಗಳೊಳಗೆ ಜೀವಶಾಸ್ತ್ರದ ಮಹಾಧ್ಯಾಯವೊಂದು ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ. ಮೊಟ್ಟೆಯೊಡೆದ ಹುಳು ನಾಲ್ಕು ಬಾರಿ ಮೇವು ಬಿಟ್ಟು ನಿಶ್ಚಲವಾಗಿ ಕುಳಿತು ಪೊರೆ ಕಳಚುತ್ತದೆ. ರೈತರು ಇದನ್ನು 'ಜ್ವರ' ಎನ್ನುತ್ತಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತ ನಾಲ್ಕನೆಯದನ್ನು ದಾಟಿದ ಹುಳು ಹೊಟ್ಟೆಬಾಕನಂತೆ ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆ ಎಂಬ ತಟ್ಟಿಯನ್ನೇರಿ ಗೂಡು ಕಟ್ಟುತ್ತದೆ. ಒಳ್ಳೆಯ ತಳಿಯ ಒಂದು ಗೂಡಿನಿಂದ ಬಿಚ್ಚುವ ಅಖಂಡವಾದ ಎಳೆ ಸಾವಿರ ಮೀಟರನ್ನು ಮೀರುವುದೂ ಉಂಟು. ಆ ಎಳೆಯನ್ನು ಶಾಲೆಯ ಅಂಗಳದ ಸುತ್ತ ಎಷ್ಟು ಬಾರಿ ಸುತ್ತಬಹುದೆಂದು ಕೇಳಿದರೆ, ಮಕ್ಕಳು ಹಗ್ಗ ಹಿಡಿದು ಅಂಗಳವನ್ನಳೆಯಲು ತಾವಾಗಿಯೇ ಓಡುವರು. ಇಲ್ಲಿ ತಾಯಿಯು 'ಜ್ವರ' ಎಂದು ಹೇಳುತ್ತಾಳೆ, ಉಪಾಧ್ಯಾಯರು ಅದಕ್ಕೆ 'ಪೊರೆ ಕಳಚುವಿಕೆ' ಎಂಬ ಶಾಸ್ತ್ರದ ಹೆಸರನ್ನೂ ಅದರ ಕಾರಣವನ್ನೂ ಕೂಡಿಸುತ್ತಾರೆ. ಊರು ಅನುಭವವನ್ನು ಕೊಡುತ್ತದೆ. ಶಾಲೆಯು ಅದಕ್ಕೆ ಸಂಖ್ಯೆ, ಸಂಜ್ಞೆ, ಹೇತುಗಳನ್ನು ಕೂಡಿಸಿ ಮಗುವಿಗೆ ಮರಳಿಸುತ್ತದೆ. ಸಹಯೋಗದ ಒಳಗುಟ್ಟು ಇದೇ.

ಈ ಗುಟ್ಟನ್ನು ನಾಲ್ಕು ದಶಕಗಳಿಗೂ ಮಿಕ್ಕಿ ಆಚರಣೆಯಲ್ಲಿಟ್ಟುಕೊಂಡು ಬಂದಿರುವ ಸಂಸ್ಥೆಯೊಂದು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಮೇಲೆ ಇದೆ. ಬೆಂಗಳೂರಿನಲ್ಲಿ ವೈದ್ಯಶಿಕ್ಷಣ ಮುಗಿಸಿ, ಅಲ್ಲಿಯ ಗಿರಿಜನರಾದ ಸೋಲಿಗರ ಸೇವೆಗೆಂದು ಬೆಟ್ಟ ಹತ್ತಿದ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಔಷಧದ ಪೆಟ್ಟಿಗೆಯೊಂದಿಗೆ ಆರಂಭವಾದ ಕಾರ್ಯವು, ರೋಗದ ಬೇರು ಬಡತನದಲ್ಲಿಯೂ ಅಕ್ಷರಹೀನತೆಯಲ್ಲಿಯೂ ಇದೆಯೆಂಬ ಅರಿವಿನಿಂದ, ಸೋಲಿಗ ಮಕ್ಕಳಿಗಾಗಿ ವಸತಿಶಾಲೆಯೊಂದನ್ನು ತೆರೆಯಿತು. ರಾಜ್ಯದ ಪಠ್ಯಕ್ರಮದೊಡನೆ ಕೈಕಸುಬಿನ ತರಬೇತಿ, ಕಾಡಿನ ಪರಿಚಯ, ಸೋಲಿಗರ ಹಾಡು ಮತ್ತು ಕುಣಿತ ಇವುಗಳಿಗೂ ಅಲ್ಲಿ ಸ್ಥಾನ ದೊರೆಯಿತು. 1994ರಲ್ಲಿ ಸುದರ್ಶನ್ ಅವರಿಗೂ ಈ ಕೇಂದ್ರಕ್ಕೂ ಸ್ವೀಡನ್ನಿನ 'ರೈಟ್ ಲೈವ್‌ಲಿಹುಡ್' ಪ್ರಶಸ್ತಿ ಸಂದಾಗ ಈ ಬೆಟ್ಟದ ಹೆಸರು ದೇಶಾಂತರಗಳಲ್ಲಿಯೂ ಕೇಳಿಬಂದಿತು.

ಸೋಲಿಗ ಮಗುವು ಶಾಲೆಗೆ ಬರುವಾಗ ಹೊತ್ತು ತರುವ ವಿದ್ಯೆಯಾದರೂ ಸಾಮಾನ್ಯವಾದುದಲ್ಲ. ಬಂಡೆ ಮತ್ತು ಎತ್ತರದ ಮರಗಳಲ್ಲಿ ಕಟ್ಟುವ ಹೆಜ್ಜೇನು ಯಾವುದು, ಪೊಟರೆಯಲ್ಲಿ ಅಡಗುವ ತುಡುವೆ ಯಾವುದು, ಪೊದೆಯ ಕಡ್ಡಿಗೆ ಜೋತುಬೀಳುವ ಕೋಲುಜೇನು ಯಾವುದೆಂದು ಪೋಡಿನ, ಅಂದರೆ ಸೋಲಿಗರ ಹಟ್ಟಿಯ, ಮಗು ಅಕ್ಷರಮಾಲೆಗಿಂತ ಮೊದಲೇ ಅರಿತಿರುತ್ತದೆ. ನೆಲ್ಲಿ, ಸೀಗೆ, ಅಂಟುವಾಳ, ಮರದ ಪಾಚಿ ಇವುಗಳ ಕಾಲ ಮತ್ತು ಠಾವುಗಳನ್ನು ಅದು ಹಿರಿಯರ ಬೆನ್ನ ಹಿಂದೆ ನಡೆದೇ ಕಲಿತಿರುತ್ತದೆ. ಅಶೋಕ ಪರಿಸರ ಸಂಶೋಧನಾ ಪ್ರತಿಷ್ಠಾನದ ವಿಜ್ಞಾನಿಗಳು ಇದೇ ಬೆಟ್ಟದಲ್ಲಿ ಸೋಲಿಗ ಹಿರಿಯರ ಜತೆಗೆ ನಡೆದು, ಅವರ ಪವಿತ್ರಸ್ಥಳಗಳ ನಕಾಶೆಯನ್ನೇ ರಚಿಸಿದರು. ನೆಲ್ಲಿಮರಕ್ಕೆ ಹತ್ತಿ ಅದರ ಸಾರವನ್ನು ಹೀರುವ 'ಉಪ್ಪಿಲು' ಎಂಬ ಪರಾವಲಂಬಿ ಸಸ್ಯವು ಹೆಚ್ಚಿದ್ದೇಕೆ ಎಂಬ ಪ್ರಶ್ನೆ ಬಂದಾಗ, ಹಿಂದೆ ಬೇಸಗೆಯ ಮೊದಲಲ್ಲಿ ತಾವು ಹಾಕುತ್ತಿದ್ದ ಸಣ್ಣ 'ತರಗು ಬೆಂಕಿ' ನಿಂತುಹೋದದ್ದೇ ಅದಕ್ಕೆ ಕಾರಣವೆಂದು ಸೋಲಿಗರು ಹೇಳಿದ ವಿವರಣೆಯನ್ನು ವಿದ್ವಾಂಸರು ಪರಿಶೀಲನಾರ್ಹವಾದ ಸಿದ್ಧಾಂತವೆಂದು ಸ್ವೀಕರಿಸಿ ಬರೆದಿದ್ದಾರೆ. ಪ್ರಾಥಮಿಕ ಶಾಲೆಯ ಪರಿಸರ ಪಾಠಕ್ಕೆ ಇದಕ್ಕಿಂತ ಮೇಲಾದ ಮಾದರಿ ಯಾವುದುಂಟು? ಅಜ್ಜನು ಒಂದು ಕಾರಣವನ್ನು ಹೇಳುತ್ತಾನೆ. ಮೊಮ್ಮಗಳು ಉಪ್ಪಿಲು ಹತ್ತಿದ ಮರಗಳನ್ನೂ ಹತ್ತದ ಮರಗಳನ್ನೂ ಎಣಿಸಿ, ಕೋಷ್ಟಕ ಬರೆದು, ಅಜ್ಜನ ಮಾತನ್ನು ಪರೀಕ್ಷಿಸುತ್ತಾಳೆ. ಪರೀಕ್ಷಿಸುವುದು ಅಗೌರವವಲ್ಲ, ಹಿರಿಯರ ಅರಿವನ್ನು ವಿಜ್ಞಾನದ ಪಂಕ್ತಿಯಲ್ಲಿ ಕೂರಿಸುವ ಗೌರವವೇ ಅದು.

ಮಾರ್ಟಳ್ಳಿಗೆ ನೆರೆಯಾದ ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿಯೂ ಇದೇ ಅಶೋಕ ಪ್ರತಿಷ್ಠಾನದ ನೆರವಿನಿಂದ 2004ರ ಸುಮಾರಿಗೆ ಒಂದು ಹೊಸ ಕಸುಬು ಹುಟ್ಟಿತು. ಕಾಡನ್ನೆಲ್ಲ ಆಕ್ರಮಿಸಿಕೊಂಡಿರುವ ಲಂಟಾನದ ಕೋಲುಗಳನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಬೆತ್ತಕ್ಕೆ ಬದಲಾಗಿ ಕುರ್ಚಿ, ಬುಟ್ಟಿ, ಆಟಿಕೆಗಳನ್ನು ಮಾಡುವ ವಿದ್ಯೆಯನ್ನು ಇಲ್ಲಿಯ ಕುಶಲಿಗಳು ಕೈವಶ ಮಾಡಿಕೊಂಡರು. ಕಳೆಯೊಂದು ಕುರ್ಚಿಯಾಗುವ ಈ ಪರಿವರ್ತನೆಯಲ್ಲಿ, ಹೊರನಾಡಿನಿಂದ ಬಂದ ಗಿಡದ ಚರಿತ್ರೆ, ಕಾಡಿನ ಕ್ಲೇಶ, ಕೈಗಳ ಜೀವನೋಪಾಯ ಎಲ್ಲವೂ ಒಂದೇ ಹೆಣಿಗೆಯಲ್ಲಿ ಸೇರಿವೆ. ಶಾಲೆಯ ಒಂದು ಶನಿವಾರದ ಮಧ್ಯಾಹ್ನವನ್ನು ಇಂಥ ಕುಶಲಿಯೊಬ್ಬರಿಗೆ ಬಿಟ್ಟುಕೊಟ್ಟರೆ, ಆ ಪಾಠಕ್ಕೆ ಬೇರೆ ಪುಸ್ತಕ ಬೇಕಾಗದು.

ಇಷ್ಟನ್ನು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಅದಕ್ಕೂ ಈ ಮಣ್ಣಿನ ಚರಿತ್ರೆಯೇ ಸಾಕ್ಷಿ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಮಹಾತ್ಮ ಗಾಂಧಿಯವರು ಕೈಕಸುಬನ್ನೇ ಕೇಂದ್ರವಾಗುಳ್ಳ ಮೂಲಶಿಕ್ಷಣದ ಕಲ್ಪನೆಯನ್ನು ದೇಶದ ಮುಂದಿಟ್ಟರು, ಡಾ. ಜಾಕೀರ್ ಹುಸೇನರ ಸಮಿತಿಯು ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ಅಲ್ಲಿ ಕಸುಬು ಎಲ್ಲ ಮಕ್ಕಳಿಗೂ ಸಮಾನ: ಬ್ರಾಹ್ಮಣನ ಮಗನೂ ತಕಲಿ ಹಿಡಿಯಬೇಕು, ನೇಕಾರನ ಮಗನೂ ಗ್ರಂಥ ತೆರೆಯಬೇಕು. ಆದರೆ 1953ರಲ್ಲಿ, ಕೊಳ್ಳೇಗಾಲವಿನ್ನೂ ಮದರಾಸು ರಾಜ್ಯದಲ್ಲಿದ್ದಾಗ, ಮುಖ್ಯಮಂತ್ರಿ ರಾಜಾಜಿಯವರು ಗ್ರಾಮಾಂತರದ ಪ್ರಾಥಮಿಕ ಶಾಲೆಗಳಿಗೆ ಮಾರ್ಪಡಿಸಿದ ಯೋಜನೆಯೊಂದನ್ನು ತಂದರು. ಅದರಂತೆ ಮಗು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿದ್ದು, ಉಳಿದ ಹೊತ್ತು ತಂದೆತಾಯಿಗಳ ಕಸುಬಿನಲ್ಲಿ ಕಲಿಯತಕ್ಕದ್ದು. ಹೆಚ್ಚು ಮಕ್ಕಳಿಗೆ ಶಾಲೆಯಲ್ಲಿ ಸ್ಥಳ ದೊರಕಿಸಬೇಕೆಂಬ ಉದ್ದೇಶ ಅದರ ಹಿಂದಿತ್ತು. ಆದರೆ ತೋಟಿಯ ಮಗನಿಗೆ ತೋಟಿತನವನ್ನೂ ಕ್ಷೌರಿಕನ ಮಗನಿಗೆ ಕ್ಷೌರವನ್ನೂ ಸರಕಾರವೇ ಗೊತ್ತುಮಾಡಿದಂತಾಗುವುದೆಂದು ಪೆರಿಯಾರ್ ಮೊದಲಾದವರು ಉಗ್ರವಾಗಿ ಪ್ರತಿಭಟಿಸಿ, ಅದನ್ನು 'ಕುಲಕ್ಕಲ್ವಿ', ಅಂದರೆ ಕುಲವಿದ್ಯೆಯ ಯೋಜನೆ ಎಂದು ಕರೆದರು. 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಅನಂತರ ಬಂದ ಕಾಮರಾಜರ ಸರಕಾರವು ಅದೇ ವರ್ಷದ ಮೇ ತಿಂಗಳಲ್ಲಿ ಯೋಜನೆಯನ್ನು ಹಿಂತೆಗೆದುಕೊಂಡಿತು.

ಊರಿನಿಂದ ಕಲಿಯುವುದೆಂದರೆ ಊರು ತನಗೆ ಗೊತ್ತುಮಾಡಿದ ಸ್ಥಾನದಲ್ಲಿ ಉಳಿಯುವುದು ಎಂದಾಗಕೂಡದು. ಆ ವಿವಾದವು ನಮಗೆ ಬಿಟ್ಟುಹೋದ ಪಾಠವಿದು. ಮಣ್ಣಿನ ಚಕ್ರದ ಮುಂದೆ ಕುಂಬಾರರ ಮಗುವನ್ನೇ ಕೂರಿಸಿ ಉಳಿದವರು ಚಪ್ಪಾಳೆ ತಟ್ಟಿದರೆ ಅದು ಕುಲವಿದ್ಯೆಯ ಪುನರಾವೃತ್ತಿ. ಎಲ್ಲರ ಕೈಗೂ ಮಣ್ಣು ಹತ್ತಿದರೆ ಅದು ಶಿಕ್ಷಣ. ಮಕ್ಕಳ ಸಂತೆಯಲ್ಲಿ ವ್ಯಾಪಾರ ಗಂಡುಮಕ್ಕಳಿಗೆ, ಮಜ್ಜಿಗೆ ಬೆರೆಸುವುದು ಹೆಣ್ಣುಮಕ್ಕಳಿಗೆ ಎಂದು ಹಂಚಿದರೂ ಅದೇ ದೋಷ. ಈ ಸೀಮೆಯ ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿಯ ಕಾವ್ಯವನ್ನು ಇಲ್ಲಿ ಸ್ಮರಿಸಬಹುದು. ಚಿಕ್ಕಲ್ಲೂರಿನಲ್ಲಿ ನೆಲೆಗೊಂಡ ಸಿದ್ಧಪ್ಪಾಜಿ ಹುಟ್ಟಿದ್ದು ಆಚಾರಿಗಳ ಮನೆಯಲ್ಲಿ, ಕೆಂಪಾಚಾರಿಯೆಂಬ ಹೆಸರಿನಿಂದ. ಮಂಟೇಸ್ವಾಮಿ ಅವನನ್ನು ಶಿಷ್ಯನನ್ನಾಗಿ ಪಡೆದು ಹಲಗೂರಿನ ಪಾಂಚಾಳರ ಬಳಿಗೆ ಅಟ್ಟಿದ್ದು ಕಬ್ಬಿಣದ ಭಿಕ್ಷೆಗಾಗಿ. ಕುಲದ ಕಸುಬಿನಿಂದ ಹೊರಟವನಾದರೂ ಕಬ್ಬಿಣವನ್ನು ಹೀನವೆಂದು ಬಿಟ್ಟವನಲ್ಲ. ಹುಟ್ಟು ಬಾಳನ್ನು ಕಟ್ಟಿಹಾಕದೆ ಇರುವುದು, ಕೈಯ ಕೆಲಸ ಕೀಳಾಗದೆ ಇರುವುದು ಎಂಬ ಎರಡನ್ನೂ ಈ ನೆಲದ ಜನರು ಒಂದೇ ಕಥೆಯಲ್ಲಿ ಹಾಡಿಕೊಂಡು ಬಂದಿದ್ದಾರೆ.

ಮಾರ್ಟಳ್ಳಿಯಂಥ ಮಳೆಯಾಧಾರದ ಊರುಗಳಿಗೆ ಈ ವಿವೇಕ ಹೆಚ್ಚು ಅಗತ್ಯ. ಹೊಲದ ಕೆಲಸ ಮುಗಿದ ತಿಂಗಳುಗಳಲ್ಲಿ ಕೂಲಿಯನ್ನರಸಿ ಹೊರಗೆ ಹೋಗುವ ಮನೆಗಳು ಹನೂರು ತಾಲ್ಲೂಕಿನಲ್ಲಿ ಬಹಳ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಹಿಂದೆ ಹೋಗುತ್ತಾರೆ. ಅಂಥ ಮನೆಗೆ ಶಾಲೆಯು ಸರಕಾರದ ಕಟ್ಟಡವಾಗಿ ಮಾತ್ರ ತೋರಿದರೆ ಅದನ್ನು ಬಿಡುವುದು ಸುಲಭ. ಅದೇ ಶಾಲೆಯ ಕೈತೋಟದಲ್ಲಿ ಅಜ್ಜಿ ತಾನೇ ಬಂದು ಬಿತ್ತಿದ ಅವರೆಯ ಬಳ್ಳಿ ಹಬ್ಬುತ್ತಿದ್ದರೆ, ಗೋಡೆಯ ಮೇಲೆ ತಂದೆ ಹೇಳಿದ ಬೀಜಗಳ ಹೆಸರನ್ನು ಮಗಳು ಕನ್ನಡದಲ್ಲಿಯೂ ತಮಿಳಿನ ಉಚ್ಚಾರದಲ್ಲಿಯೂ ಬರೆದಿಟ್ಟಿದ್ದರೆ, ಆ ಶಾಲೆಯನ್ನು ಬಿಟ್ಟುಹೋಗುವುದಕ್ಕೆ ಕಾಲು ತಡೆಯುತ್ತದೆ.

ಊರನ್ನು ಹೀಗೆ ಶಾಲೆಯೊಳಗೆ ಕರೆತರುವ ಕೆಲಸಕ್ಕೆ ಬೇಕಾದ ವೆಚ್ಚ ಅಲ್ಪ. ಬೇಕಾದ ಮರ್ಯಾದೆ ಮಾತ್ರ ದೊಡ್ಡದು. ಕಲಿಸಲು ಬಂದವರ ಅರ್ಧ ದಿನದ ಕೂಲಿ ಹೋಗದಂತೆ ಸಮಿತಿಯು ನೋಡಿಕೊಳ್ಳಬೇಕು. ಉಪಾಧ್ಯಾಯರು ಮುಂಚಿತವಾಗಿ ಅವರೊಡನೆ ಕುಳಿತು, ಯಾವ ಮಾತಿನಿಂದ ಯಾವ ಪಾಠ ಹುಟ್ಟೀತೆಂದು ಆಲೋಚಿಸಬೇಕು. ಅವರು ಹೋದ ಮೇಲೆ ಮಕ್ಕಳು ಕಂಡದ್ದನ್ನು ಬರೆಯಬೇಕು, ಬಿಡಿಸಬೇಕು, ಲೆಕ್ಕ ಹಾಕಬೇಕು. ಎಲ್ಲಕ್ಕಿಂತ ಮೊದಲು, ಎಂದೂ ಶಾಲೆಯ ಮೆಟ್ಟಿಲು ಹತ್ತದ, ಹೆಬ್ಬೆಟ್ಟನ್ನೊತ್ತಿಯೇ ಬಾಳು ಸವೆಸಿದ ಹಿರಿಯರೊಬ್ಬರು ಕಂಕುಳಲ್ಲಿ ಬೀಜದ ಗಂಟನ್ನಿಟ್ಟುಕೊಂಡು ಬಾಗಿಲಲ್ಲಿ ಅಳುಕುತ್ತ ನಿಂತಾಗ, ಉಪಾಧ್ಯಾಯರು ಎದ್ದು, "ಬನ್ನಿ ಅಜ್ಜ, ಇಲ್ಲಿ ಕೂತ್ಕೊಳ್ಳಿ" ಎಂದು ತರಗತಿಯ ಆ ಒಂದೇ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು, ತಾವು ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ಆ ದಿನದ ಪಾಠ ಅಲ್ಲಿಂದಲೇ ಮೊದಲಾಗುತ್ತದೆ.